ಹನ್ನೊಂದು ಗಂಟೆಯ ಪಾಠಕ್ಕೆ ವೈಫೈ ಇಲ್ಲ

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 11.40

ಮತ್ತೆ ಹೋಯಿತು. ಹನ್ನೊಂದಕ್ಕೆ ಪಾಠ ಶುರು, ಹನ್ನೊಂದು ಹದಿನಾಲ್ಕಕ್ಕೆ ವೈಫೈ ಮಾಯ. ಅಪ್ಪನಿಗೆ ಮಾತು ಕಲಿಸುವ ಟೀಚರ್ ಮುಖ ಪರದೆಯ ಮೇಲೆ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತು. ಕೈಯಲ್ಲಿ ಕೊಡೆಯ ಚಿತ್ರ. ಅಪ್ಪ 'ಕೊ... ಕೊ...' ಅಂತ ಗಂಟಲಿನಿಂದ ಎಳೆಯುತ್ತಿದ್ದರು. ಇನ್ನೊಂದು ಉಸಿರು ಸಿಕ್ಕಿದ್ದರೆ ಮಾತು ಹೊರಗೆ ಬೀಳುತ್ತಿತ್ತು. ಅಷ್ಟರಲ್ಲಿ ಕರೆಯೇ ಕಡಿದುಹೋಯಿತು. ಅಪ್ಪ ಖಾಲಿ ಪರದೆಗೆ ಇನ್ನೂ ಎರಡು ಸಲ 'ಕೊ' ಅಂದು ಸುಮ್ಮನಾದರು.

ಲಕ್ವ ಹೊಡೆದು ನಾಲ್ಕು ತಿಂಗಳು. ಬಲಗೈ, ಬಲಗಾಲು, ಮಾತು — ಮೂರೂ ಒಂದೇ ಬೆಳಿಗ್ಗೆ ಹೋದವು. ಕಾಲು ಸ್ವಲ್ಪ ಬಂದಿದೆ. ಮಾತು ಹನ್ನೊಂದು ಬಂದಿವೆ, ನಾನೇ ಎಣಿಸಿದ್ದೇನೆ. ಬರುವುದಿದ್ದರೆ ಮೊದಲ ಆರು ತಿಂಗಳಲ್ಲೇ ಹೆಚ್ಚು ಬರುತ್ತದೆ, ಆಮೇಲೆ ಕಷ್ಟ ಅಂತ ಟೀಚರ್ ಮೊದಲ ದಿನವೇ ಹೇಳಿದ್ದರು. ಮಂಗಳವಾರ, ಶುಕ್ರವಾರ, ಮುಕ್ಕಾಲು ಗಂಟೆ. ಸತತ ಮೂರು ಪಾಠ ಅರ್ಧಕ್ಕೆ ನಿಂತರೆ ಆ ಹೊತ್ತು ಬೇರೆಯವರಿಗೆ. ಕಾಯುವವರ ಪಟ್ಟಿಯಲ್ಲಿ ನಲವತ್ತು ಜನ ಇದ್ದಾರಂತೆ.

ಇವತ್ತಿನದು ಒಂದು.

ಫೋನಿನಲ್ಲಿ ಮಾಡಿ ನೋಡಿದ್ದಾಯಿತು. ಅಪ್ಪನ ಬಲಗಡೆಯ ದೃಷ್ಟಿಯೂ ಅರ್ಧ ಹೋಗಿದೆ, ಅಷ್ಟು ಚಿಕ್ಕ ಚಿತ್ರ ಅವರಿಗೆ ಕಾಣುವುದಿಲ್ಲ. ಲ್ಯಾಪ್‌ಟಾಪೇ ಆಗಬೇಕು. ಈ ದರಿದ್ರಕ್ಕೆ ನೆಟ್ ತಂತಿ ಚುಚ್ಚಲು ತೂತೂ ಇಲ್ಲ. ಮುಚ್ಚಳ ರಪ್ಪೆಂದು ಬಡಿದು ಎದ್ದುಬಂದೆ.

ಸೆಪ್ಟೆಂಬರ್ 3, ಬುಧವಾರ

ನೆಟ್ ಕಂಪನಿಯ ಕಸ್ಟಮರ್ ಕೇರ್. ಇಪ್ಪತ್ತೆರಡು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಲೈನಿಗೆ ಬಂದ. ರೂಟರ್ ಆಫ್ ಮಾಡಿ ಆನ್ ಮಾಡಿ ಅಂದ. ಮಾಡಿದೆ. ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಅಳಿಸಿ ಮತ್ತೆ ಪಾಸ್‌ವರ್ಡ್ ಹಾಕಿ ಅಂದ. ಹಾಕಿದೆ. ಡ್ರೈವರ್ ತೆಗೆದು ಹೊಸದು ಹಾಕಿ ಅಂದ. ಅದೂ ಆಯಿತು. ಈಗ ಬರ್ತಿದೆಯಾ ಮೇಡಂ ಅಂತ ಕೇಳಿದ. ಈಗ ಬರುತ್ತೆ ಕಣಯ್ಯಾ, ಈಗ ಯಾವಾಗಲೂ ಬರುತ್ತೆ, ಮಂಗಳವಾರ ಶುಕ್ರವಾರ ಹನ್ನೊಂದಕ್ಕೆ ಮಾತ್ರ ಕೈ ಕೊಡುತ್ತೆ ಅಂದೆ. ಅದಕ್ಕೆ ಅವನು, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಮೇಡಂ.

ನನಗೇ ಹೇಳುತ್ತಾನೆ. ಆ ವಾಕ್ಯವನ್ನು ದಿನಕ್ಕೆ ಅರವತ್ತು ಸಲ ನಾನೇ ಬರೆಯುತ್ತೇನೆ. ಕೊರಿಯರ್ ಕಂಪನಿಯ ದೂರು ವಿಭಾಗ, ಮನೆಯಿಂದಲೇ ಕೆಲಸ. ಪಾರ್ಸಲ್ ಕಳೆದವರು, ಒಡೆದ ಗಾಜು ಸಿಕ್ಕವರು, ಎಲ್ಲರಿಗೂ ವಿಷಾದ. ಒಂದು ದಿನವೂ ವಿಷಾದಪಟ್ಟಿಲ್ಲ, ಅವನೂ ಪಟ್ಟಿರಲಾರ.

ತಲೆ ಚಿಟ್ಟು ಹಿಡಿಸುವುದು ಇದೇ: ಅದೇ ಲ್ಯಾಪ್‌ಟಾಪ್, ಅದೇ ವೈಫೈ. ನಾನು ಮೇಜಿಗೆ ಕೂತು ಒಂಬತ್ತರಿಂದ ಆರರವರೆಗೆ ಕೆಲಸ ಮಾಡಿದರೆ ಒಂದು ಸಲವೂ ಕಡಿಯುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಈ ಪುಸ್ತಕ ಅಪ್ಪನ ಅಂಗಡಿಯದು. ರೇಡಿಯೋ ರಿಪೇರಿ, ಮೂವತ್ತೆಂಟು ವರ್ಷ. ಅರ್ಧ ಅವರು ತುಂಬಿಸಿದ್ದಾರೆ, ಮಿಕ್ಕ ಹಾಳೆಗಳಲ್ಲಿ ನಾನು ಕಾರಿಕೊಳ್ಳುತ್ತೇನೆ. ಪ್ರತಿ ಪುಟದ ನಡುವೆ ಅವರೇ ಗೆರೆ ಎಳೆದಿಟ್ಟಿದ್ದಾರೆ. ಎಡಕ್ಕೆ 'ಗಿರಾಕಿ ಹೇಳಿದ್ದು', ಬಲಕ್ಕೆ 'ಇದ್ದದ್ದು'. ಗಿರಾಕಿ ಹೇಳಿದ್ದು: ಸ್ಪೀಕರ್ ಸುಟ್ಟಿದೆ. ಇದ್ದದ್ದು: ಒಳಗೆ ಜಿರಲೆ. ಎರಡೂ ಕಡೆ ಒಂದೇ ಬರೆದದ್ದನ್ನು ನಾನಂತೂ ಕಂಡಿಲ್ಲ.

ಕೆಲವರು ರೇಡಿಯೋ ತಂದವರೇ ಅದರ ತಲೆ ಮೇಲೆ ಕುಟ್ಟಿ ತೋರಿಸುತ್ತಿದ್ದರು, ಹೀಗೆ ಹೊಡೆದರೆ ಹಾಡುತ್ತೆ ಅಂತ. ಅಪ್ಪ ತಲೆ ಎತ್ತದೆ 'ಮೆಲ್ಲಗೆ' ಅನ್ನುತ್ತಿದ್ದರು. ನಾನು ಬಾಗಿಲು ಬಡಿದರೂ ಒಳಗಿನಿಂದ ಅದೇ ಒಂದು ಮಾತು ಬರುತ್ತಿತ್ತು. ಈಗ ನಾಲ್ಕು ತಿಂಗಳಿಂದ ಬಡಿದದ್ದೇ ಬಡಿದದ್ದು, ಕೇಳುವವರಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ. 11.20

ಎರಡು.

ಎಲ್ಲ ಸರಿಯಾಗಿಯೇ ಇಟ್ಟಿದ್ದೆ. ಅಪ್ಪ ಒರಗುಕುರ್ಚಿಯಲ್ಲಿ. ಮುಂದೆ ಗಿಡ್ಡ ಸ್ಟೂಲ್, ಅದರ ಮೇಲೆ ಲ್ಯಾಪ್‌ಟಾಪ್. ಅಪ್ಪನ ಬಾಯಿ ಕ್ಯಾಮೆರಾಗೆ ಕಾಣಬೇಕೆಂದು ಪರದೆಯನ್ನು ಪೂರ್ತಿ ಹಿಂದಕ್ಕೆ ವಾಲಿಸಿದೆ. ಒಂಬತ್ತೇ ನಿಮಿಷ.

ಅಷ್ಟೇ ಅಲ್ಲ. ಕಡಿಯುತ್ತಲೇ ಅಪ್ಪ ಎಡಗೈ ಚಾಚಿ ಪರದೆಯ ತುದಿ ಹಿಡಿದು ತಮ್ಮ ಕಡೆಗೆ ಎಳೆದರು, ಮುಚ್ಚುವವರ ಹಾಗೆ. ನಾನು ಹಿಂದಕ್ಕೆ ತಳ್ಳಿದೆ. ಮತ್ತೆ ಎಳೆದರು. ಮತ್ತೆ ತಳ್ಳಿದೆ. ಮೂರನೆಯ ಸಲ ಎಳೆದಾಗ ಮೈ ಉರಿಯಿತು. ಇಲ್ಲಿ ನಾನು ಆಫೀಸಿಗೆ ಸುಳ್ಳು ಹೇಳಿ, ಊಟದ ಬಿಡುವನ್ನು ಹನ್ನೊಂದಕ್ಕೇ ತೆಗೆದುಕೊಂಡು ಒದ್ದಾಡುತ್ತಿದ್ದೇನೆ, ಇವರಿಗೆ ಸಾಕಾಗಿದೆಯಂತೆ.

ಲ್ಯಾಪ್‌ಟಾಪ್ ಬಡಿದು ಎತ್ತಿಕೊಂಡು ಬಂದೆ.

ಸೆಪ್ಟೆಂಬರ್ 7, ಭಾನುವಾರ

ತಮ್ಮ ಬಂದಿದ್ದ. ವಾರಕ್ಕೊಮ್ಮೆ ಬರುತ್ತಾನೆ, ಸಲಹೆ ಕೊಟ್ಟು ಹೋಗುತ್ತಾನೆ. ಕಂಪ್ಯೂಟರನ್ನು ಅರೆದು ಕುಡಿದವನಂತೆ ಮಾತು. ನಡುವೆ ಗೋಡೆ ಇದೆ ಅಕ್ಕ, ಸಿಗ್ನಲ್ ಸಾಯುತ್ತೆ ಅಂದ. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಒಂದೇ ಚಾನೆಲ್‌ನಲ್ಲಿ ಗುದ್ದಾಡುತ್ತಿವೆ ಅಂದ. ಚಾನೆಲ್ ಬದಲಾಯಿಸಿದ. ರೂಟರನ್ನೇ ಕಿತ್ತು, ತಂತಿ ಎಳೆದು, ಅಪ್ಪನ ಕೋಣೆಯ ಕಪಾಟಿನ ಮೇಲೆ ಕೂರಿಸಿದ. ಅಪ್ಪನ ಕುರ್ಚಿಯಿಂದ ಆರು ಅಡಿ.

ಅಲ್ಲೇ ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ವಿಡಿಯೋ ನೋಡಿದೆ. ಒಂದು ಸಲವೂ ಕಡಿಯಲಿಲ್ಲ. ತಮ್ಮ ಎದೆ ಉಬ್ಬಿಸಿಕೊಂಡ. ಚಪ್ಪಲಿ ಹಾಕಿಕೊಳ್ಳುವಾಗ ದನಿ ತಗ್ಗಿಸಿದ.

"ನೀನು ಕೂತ್ರೆ ಸರಿ ಇರುತ್ತೆ. ಅಪ್ಪನೇ ಏನಾದ್ರೂ ಒತ್ತಿಬಿಡ್ತಾರೇನೋ ನೋಡು. ಅವರಿಗೆ ಇಷ್ಟ ಇದ್ದ ಹಾಗೆ ಕಾಣಲ್ಲ, ಅಕ್ಕ."

ಅವನಿಗೆ ಎರಡು ಬೈದು ಕಳಿಸಿದೆ. ಆದರೆ ಮಾತು ಒಳಗೆ ಕೂತುಬಿಟ್ಟಿತು.

ಸೆಪ್ಟೆಂಬರ್ 9, ಮಂಗಳವಾರ. 12.15

ಮೂರು. ಮುಗಿಯಿತು.

ಕಪಾಟಿನ ಮೇಲೆ ರೂಟರ್ ಹಸಿರು ದೀಪ ಬಿಟ್ಟುಕೊಂಡು ಕೂತಿದೆ, ಆರು ಅಡಿ ದೂರದಲ್ಲಿ. ಹನ್ನೊಂದು ಗಂಟೆ ಆರು ನಿಮಿಷಕ್ಕೆ ಕಡಿಯಿತು. ಅಪ್ಪನ ಎಡಗೈ ಆಗಲೇ ಪರದೆಯ ಮೇಲಿತ್ತು. ಎಳೆದರು. ತಳ್ಳಿದೆ. ಎಳೆದರು. ಗಂಟಲಿನಿಂದ ಏನೋ ಸದ್ದು, ಮಾತಲ್ಲದ್ದು. ನನ್ನ ಪಿತ್ತ ನೆತ್ತಿಗೇರಿತು. ಆ ಕೈ ಹಿಡಿದು ಕುರ್ಚಿಯ ತೋಳಿಗೆ ಒತ್ತಿಬಿಟ್ಟೆ.

"ಬೇಡ ಅಂದ್ರೆ ಬೇಡ ಬಿಡಿ ಅಪ್ಪ. ಮೂಕರಾಗೇ ಇರಿ. ನಾನೂ ಬಿಡ್ತೀನಿ."

ಅಂದೆ. ಬರೆದಿಡುತ್ತೇನೆ, ಅಂದದ್ದು ಹೌದು. ಅಪ್ಪ ಕೈ ಬಿಡಿಸಿಕೊಂಡು ಮಡಿಲಲ್ಲಿಟ್ಟುಕೊಂಡರು. ಬೆರಳ ಗುರುತು ಕೆಂಪಗೆ ಮೂಡಿತ್ತು.

ಮೇಜಿಗೆ ಬಂದು ಟೀಚರ್‌ಗೆ ಮೇಲ್ ಬರೆದೆ. ತಂದೆಯವರಿಗೆ ಪಾಠದಲ್ಲಿ ಆಸಕ್ತಿ ಉಳಿದಂತಿಲ್ಲ, ದಯವಿಟ್ಟು ಈ ಸಮಯವನ್ನು ಕಾಯುತ್ತಿರುವವರಿಗೆ ಕೊಡಿ. ಕೊನೆಗೆ ಬೆರಳು ತಾನಾಗಿ ಹೊಡೆಯಿತು: ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಮೇಲ್ ತಕ್ಷಣ ಹೋಯಿತು. ಅದಕ್ಕೆ ಮಾತ್ರ ವೈಫೈ ಇರುತ್ತದೆ.

ಸೆಪ್ಟೆಂಬರ್ 10

ಉತ್ತರ ಒಂದೇ ಸಾಲು. ಸರಿ, ಶುಕ್ರವಾರದಿಂದ ಬೇರೆಯವರು ಬರುತ್ತಾರೆ. ಓದಿ ಮುಚ್ಚಳ ಬಡಿದೆ. ಅಪ್ಪನಿಗೆ ಹೇಳಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ. 11.05

ಅಪ್ಪ ಇಸ್ತ್ರಿ ಶರ್ಟ್ ಹಾಕಿಕೊಂಡು ಕೂತಿದ್ದಾರೆ. ಗುಂಡಿ ಎಲ್ಲ ತಾವೇ ಹಾಕಿಕೊಂಡಿದ್ದಾರೆ, ಒಂದೇ ಕೈಯಲ್ಲಿ, ಒಂದು ಮನೆ ತಪ್ಪಿ. ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ಎಳೆದುಕೊಂಡಿದ್ದಾರೆ. ನನ್ನನ್ನು ನೋಡಿ ಸ್ಟೂಲ್ ತಟ್ಟಿದರು, ತಂದಿಡು ಅಂತ.

ಲ್ಯಾಪ್‌ಟಾಪ್ ಕೆಟ್ಟಿದೆ ಅಂದೆ. ಬೇರೆ ಏನೂ ಹೊಳೆಯಲಿಲ್ಲ.

ಸೆಪ್ಟೆಂಬರ್ 18, ಗುರುವಾರ. ಸಂಜೆ

ಸುಳ್ಳು ಹೇಳಿದ್ದು ನಿಜವಾಯಿತು. ಸೋಮವಾರದಿಂದ ಮೇಜಿನ ಮೇಲೂ ಕಡಿಯತೊಡಗಿತು. ಆಫೀಸಿನಿಂದ ಎರಡು ಎಚ್ಚರಿಕೆ. ಇವತ್ತು ರಜೆ ಹಾಕಿ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯಾಕೆ ನನ್ನ ವಯಸ್ಸಿನವಳೇ. ಹಣೆಯ ಮೇಲೆ ಭೂತಗನ್ನಡಿ ಕಟ್ಟಿಕೊಂಡಿದ್ದಳು. ನಾನು ಕಂಪನಿ, ರೂಟರ್, ಚಾನೆಲ್ ಅಂತ ಹದಿನೈದು ದಿನದ ರಾಮಾಯಣ ಹೇಳಿದೆ. ಅವಳು ಲ್ಯಾಪ್‌ಟಾಪ್ ಆನ್ ಮಾಡಿ ಪರದೆಯನ್ನು ಒಂದು ಬೆರಳಿನಿಂದ ಹಿಂದಕ್ಕೆ ವಾಲಿಸಿದಳು. ವೈಫೈ ಹೋಯಿತು. ತನ್ನ ಕಡೆಗೆ ಎಳೆದುಕೊಂಡಳು. ಸ್ವಲ್ಪ ತಡೆದು ಬಂತು. ವಾಲಿಸಿದಳು, ಹೋಯಿತು. ಎಳೆದಳು, ಬಂತು.

ಆ ಎಳೆಯುವುದನ್ನು ನಾನು ನೋಡಿದ್ದೆ.

ಆಂಟೆನಾ ಇರುವುದು ಪರದೆಯ ಮೇಲ್ತುದಿಯಲ್ಲಂತೆ. ಅಲ್ಲಿಂದ ನೂಲಿನಂಥ ತಂತಿ ಕೀಲಿನೊಳಗೆ ತೂರಿ ಕೆಳಗಿಳಿಯುತ್ತದೆ. ಬಿಚ್ಚಿ ತೋರಿಸಿದಳು. ಕೀಲು ಸಡಿಲ, ತಂತಿ ಜಜ್ಜಿಹೋಗಿದೆ.

"ಇದು ತಾನಾಗೇ ಆಗೋದಲ್ಲ. ಮನೇಲಿ ಯಾರಾದ್ರೂ ಮುಚ್ಚಳ ಬಡಿತಾರಾ?"

ಇಲ್ಲ ಅಂದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಹೊಸ ತಂತಿ ಹಾಕಿ, ಕೀಲು ಬಿಗಿ ಮಾಡಿ ಕೊಟ್ಟಳು.

ಮೂವತ್ತೆಂಟು ವರ್ಷ ಲೂಸ್ ಕಾಂಟ್ಯಾಕ್ಟ್ ಹುಡುಕಿದ ಮನುಷ್ಯ. ಎರಡನೆಯ ದಿನಕ್ಕೇ ಹಿಡಿದಿದ್ದರು. ಬಾಯಿಲ್ಲ, ಒಂದೇ ಕೈ. ಆ ಕೈಯಲ್ಲಿ ಎಷ್ಟು ಸಲ ತೋರಿಸಿದರು. ನಾನು ಆ ಕೈಯನ್ನೇ ಹಿಡಿದು ಒತ್ತಿದೆ. ಬೆಪ್ಪುತಕ್ಕಡಿ ಅಂತ ಲೋಕದವರಿಗೆಲ್ಲ ಬೈದುಕೊಂಡು ತಿರುಗಿದೆನಲ್ಲ, ನನ್ನಂಥ ಬೆಪ್ಪು ಇನ್ನೊಂದಿಲ್ಲ.

ಗಿರಾಕಿ ಹೇಳಿದ್ದು: ಕಂಪನಿ ಸರಿಯಿಲ್ಲ. ರೂಟರ್ ಸರಿಯಿಲ್ಲ. ಅಪ್ಪನಿಗೆ ಆಸಕ್ತಿಯಿಲ್ಲ.
ಇದ್ದದ್ದು: ಮಗಳ ಕೈ.

ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. ಮೇಲ್ ಬರೆದದ್ದನ್ನೂ ಹೇಳಿದೆ. ಅಲ್ಲಿಯವರೆಗೆ ಕೇಳುತ್ತಿದ್ದವರು ಆ ಮಾತಿಗೆ ಮುಖ ಗೋಡೆಯ ಕಡೆ ತಿರುಗಿಸಿದರು. ತಪ್ಪಾಯಿತು ಅಪ್ಪ ಅಂದೆ. ತಿರುಗಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಟೀಚರ್‌ಗೆ ಫೋನ್ ಮಾಡಿದೆ. ಆಸಕ್ತಿ ಇಲ್ಲ ಅಂತ ನೀವೇ ಬರೆದಿರಲ್ಲ ಅಂದರು. ಹೌದು, ನನ್ನ ತಪ್ಪು ಅಂದೆ. ಅವರು ಕರಗಲಿಲ್ಲ. ಆ ಹೊತ್ತು ಹೋಯಿತು. ಮುಂದಿನ ಶುಕ್ರವಾರ ಹನ್ನೊಂದಕ್ಕೆ ಒಬ್ಬರು ಬರುವುದಿಲ್ಲವಂತೆ. ಅವತ್ತು ಅಪ್ಪನನ್ನು ನೋಡುತ್ತಾರೆ. ಅಪ್ಪ ಪ್ರಯತ್ನ ಪಟ್ಟರೆ ಟೀಚರ್ ಹೇಗಾದರೂ ಒಂದು ಜಾಗ ಹುಡುಕುತ್ತಾರೆ. ಪಡದಿದ್ದರೆ ಪಟ್ಟಿಯ ಕೊನೆ. ಪಟ್ಟಿಯ ಕೊನೆ ಅಂದರೆ ಆರು ತಿಂಗಳು ದಾಟಿ.

ಸೆಪ್ಟೆಂಬರ್ 23

ಇದ್ದ ಹನ್ನೊಂದು ಮಾತೂ ನಿಂತವು. ನೀರು ಬೇಕಾದರೆ ಲೋಟ ತೋರಿಸುತ್ತಾರೆ. ನನ್ನನ್ನು ಕರೆಯಬೇಕಾದರೆ ಗೋಡೆ ತಟ್ಟುತ್ತಾರೆ. ಹುಟ್ಟಿದಾಗಿನಿಂದ ಸಿಟ್ಟಿನ ಗುತ್ತಿಗೆ ನಾನೊಬ್ಬಳೇ ಹಿಡಿದವಳು ಅಂದುಕೊಂಡಿದ್ದೆ. ಅಪ್ಪನಿಗೂ ಬರುತ್ತದೆ. ಬರಲಿ, ನ್ಯಾಯವೇ. ಆದರೆ ಶುಕ್ರವಾರದ ಆ ಮುಕ್ಕಾಲು ಗಂಟೆ ಬಿಟ್ಟು ಬರಲಿ.

ಸೆಪ್ಟೆಂಬರ್ 26, ಶುಕ್ರವಾರ. 11.35

ಅಪ್ಪನ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿದೆ.

ಪರದೆ ಪೂರ್ತಿ ಹಿಂದಕ್ಕೆ ವಾಲಿಸಿಯೇ ಶುರು ಮಾಡಿದೆ. ಒಂದು ಕ್ಷಣವೂ ಕಡಿಯಲಿಲ್ಲ. ಟೀಚರ್ ಒಂಬತ್ತು ಚಿತ್ರ ತೋರಿಸಿದರು. ಅಪ್ಪ ಬಾಯಿ ತೆರೆಯಲಿಲ್ಲ. ಎಲೆ, ಲೋಟ, ಕಣ್ಣು, ಬರುವ ಮಾತಿಗೂ ತೆರೆಯಲಿಲ್ಲ. ಕಿಟಕಿ ನೋಡುತ್ತಾ ಕೂತರು. ಹನ್ನೊಂದೂ ಇಪ್ಪತ್ತಕ್ಕೆ ಟೀಚರ್ ಚಿತ್ರಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಇವತ್ತಿಗೆ ಸಾಕು, ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತೇನೆ ಅಂದರು.

ನನಗೆ ಏನಾಯಿತೋ. ಸರಿ ಮೇಡಂ ಅಂದವಳೇ, ಅವರು ಇನ್ನೂ ಪರದೆಯಲ್ಲಿ ಇರುವಾಗಲೇ, ಮುಚ್ಚಳದ ಮೇಲೆ ಕೈ ಹಾಕಿದೆ. ಅದೇ ಹಳೆಯ ಕೈ, ಅದೇ ಹಳೆಯ ರಭಸ.

"ಮೆಲ್ಲಗೆ."

ಗಂಟಲಿನದಲ್ಲ, ಎಳೆದದ್ದಲ್ಲ. ಇಡೀ ಮಾತು. ಅಂಗಡಿಯಲ್ಲಿ ಹೇಳುತ್ತಿದ್ದ ಹಾಗೆ, ಆದರೆ ಸಿಟ್ಟಿನಲ್ಲಿ. ನನ್ನ ಕೈ ಅಲ್ಲೇ ನಿಂತಿತು. ಅರ್ಧ ಮುಚ್ಚಿದ ಪರದೆಯೊಳಗಿನಿಂದ ಟೀಚರ್ ದನಿ ಬಂತು.

"ಯಾರು ಹೇಳಿದ್ದದು? ಯಜಮಾನ್ರೇ, ನೀವಾ? ಇನ್ನೊಂದ್ಸಲ ಹೇಳಿ."

ಪರದೆ ಎತ್ತಿದೆ. ಒಂದು ಬೆರಳಿನಲ್ಲಿ. ಅಪ್ಪ ಟೀಚರನ್ನು ನೋಡಲಿಲ್ಲ. ನನ್ನನ್ನೇ ನೋಡಿ, ಎಡಗೈಯಿಂದ ಕುರ್ಚಿಯ ತೋಳು ಕುಟ್ಟಿ, ಮತ್ತೆ ಹೇಳಿದರು. ಮೆಲ್ಲಗೆ. ಇದು ಹನ್ನೆರಡನೆಯದು. ನಾನು ಕಲಿಸಿದ್ದಲ್ಲ, ಟೀಚರ್ ಕಲಿಸಿದ್ದೂ ಅಲ್ಲ.

ಟೀಚರ್ ಮತ್ತೆ ಚಿತ್ರಗಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಾರೆ. ಪಾಠ ಮುಗಿಯಲು ಇನ್ನು ಹತ್ತು ನಿಮಿಷ. ಸಿಗ್ನಲ್ ಪೂರ್ತಿ ಇದೆ. ನನಗೆ ದೂರ ಕೂತಿರಿ ಅಂದಿದ್ದಾರೆ, ಮುಟ್ಟಬೇಡಿ ಅಂದಿದ್ದಾರೆ. ಮುಟ್ಟುವುದಿಲ್ಲ. ಈಗ ಕೊಡೆಯ ಚಿತ್ರ ಎತ್ತಿದರು. ಅಪ್ಪ ಕಿಟಕಿಯಿಂದ ಮುಖ ತಿರುಗಿಸಿದರು. ಬಾಯಿ ತೆರೆದಿದೆ. ಕೊ...