ಲಾಸ್ಯಳ ಸೊಳ್ಳೆಪರದೆ

ಅಂಡಮಾನ್, ಭಾನುವಾರ

ಅಕ್ಕಾ,

ಗಾಳಿಗೆ ಟವರ್ ಬಿದ್ದು ಫೋನ್ ಇಲ್ಲ, ಅದಕ್ಕೇ ಈ ಕಾರ್ಡು. ಇಲ್ಲಿ ಜ್ವರ ಬಂದೋರ ರಕ್ತ ತೆಗೆದು ಪರೀಕ್ಷೆ ಮಾಡಿದ್ವಿ. ಈ ದ್ವೀಪದಲ್ಲೀಗ ಇರೋ ಡೆಂಗಿ ವೈರಸ್ ಹೋದ ವರ್ಷದ್ದಲ್ಲ. ಯಾರದೋ ಮೈಯಲ್ಲಿ ಹಡಗಿಂದ ಇಳಿದು, ಇಲ್ಲೇ ಸುತ್ತಿ ಸುತ್ತಿ ರೂಪ ಬದಲಿಸಿದೆ. ಒಂದನ್ನ ಗುರುತು ಹಿಡಿಯೋ ಹೊತ್ತಿಗೆ ಇನ್ನೊಂದು ಬಂದಿರುತ್ತೆ. ಸಾಕಾಗಿಹೋಗಿದೆ ಕಣಕ್ಕ.

ನಿನ್ನೆ ಒಂದು ಮನೆಗೆ ಹೋಗಿದ್ದೆ. ಅಲ್ಲಿರೋದು ಒಂದೇ ಸೊಳ್ಳೆಪರದೆ. ಮಗಳಿಗೆ ಹೋದ ವರ್ಷ ಡೆಂಗಿ ಬಂದಿತ್ತು ಅಂತ ತಾಯಿ ಅದನ್ನ ಬಿಚ್ಚಿ ಮಗನಿಗೆ ಕಟ್ಟಿದ್ದಾಳೆ. ಮೈಮೇಲೆ ಅಮ್ಮ ಎದ್ದ ಹಾಗೆ ಇದೂ ಒಂದೇ ಸಲ ಬರೋದು ಅಂತ ಅವಳ ನಂಬಿಕೆ. ಆದ್ರೆ ಬೇರೆ ಥರದ ಡೆಂಗಿ ಎರಡನೇ ಸಲ ಹಿಡಿದ್ರೆ ಇನ್ನೂ ಘೋರ. ಮಗ ಅಂಗಳದಲ್ಲಿ ಆಡ್ತಿದ್ದ. ಮಗಳನ್ನ ಆಗತಾನೇ ಮಣ್ಣು ಮಾಡಿ ಬಂದಿದ್ರು. "ನಾನೇನು ತಪ್ಪು ಮಾಡಿದೆ?" ಅಂತ ಕೇಳಿದಳು.

ನಾನು ಚೆನ್ನಾಗಿದೀನಿ, ಊಟ ಮಾತ್ರ ಸೇರ್ತಿಲ್ಲ.

ಟವರ್ ಬೀಳೋ ಮುಂಚೆ ಫೋನಲ್ಲಿ ನೀನಂದೆ, "ನಮ್ಮ ಲಾಸ್ಯಂಗೆ ಡೆಂಗಿ ಬಂದು ಹೋಗಿದೆ ಬುಡು, ಅವಳ ಪರದೆ ಚಿಕ್ಕೋಳಿಗೆ ಕಟ್ಬುಟ್ಟೆ." ಅಷ್ಟ್ರಲ್ಲಿ ಲೈನು ಕಟ್ಟಾಗಿ, ನಾನು ಕಿರುಚಿದ್ದು ನಿನಗೆ ಕೇಳಿಸಲಿಲ್ಲ.

ಟಪಾಲಿನ ಹಡಗು ಹೊರಡ್ತಿದೆ. ಈ ಕಾರ್ಡು ಶ್ರೀರಾಂಪುರ ಸೇರೋ ಹೊತ್ತಿಗೆ ಲಾಸ್ಯ ಇನ್ನೂ ಎದ್ದು ಓಡಾಡ್ತಿದ್ರೆ, ಅವಳಿಗೂ ಇನ್ನೊಂದು ಪರದೆ ತಂದು ಕಟ್ಟು.

ಪ್ರಭು