ಮೂತಿ ತಿರುವಿದವಳು

ಶೆಟ್ಟಿಹಳ್ಳಿ, ತುಮಕೂರು
18-11-2024, ಸೋಮವಾರ

ಅಂಜನ್‌ಕುಮಾರ್ ಅವರಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನನ್ನ ಕ್ಷೇಮ ನಿಮಗೆ ಬೇಕಿದ್ದರೆ, ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಮ್ಮೆಯಾದರೂ ಬರುತ್ತಿದ್ದಿರಿ. ಗುಬ್ಬಿಯಿಂದ ತುಮಕೂರಿಗೆ ಬರುವುದೇನು ಕಾಶಿಯಾತ್ರೆಯೇ?

ನೀವು ಕಳಿಸಿದ ವಿಚ್ಛೇದನದ ಕಾಗದ ಓದಿದೆ. ನನಗೆ ಹುಟ್ಟಿನಿಂದಲೇ ನರದ ಕಾಯಿಲೆ, ಅದನ್ನು ಮುಚ್ಚಿಟ್ಟು ಮದುವೆಯಾದೆ ಎಂದು ನಾನೇ ಒಪ್ಪಿ ಸಹಿ ಹಾಕಬೇಕಂತೆ. ಮದುವೆಯ ಆಲ್ಬಂ ನಿಮ್ಮ ಬೀರುವಿನಲ್ಲೇ ಇದೆ, ತೆಗೆದು ನನ್ನ ಮುಖ ನೋಡಿ.

ಮೊದಲು ಬಂದದ್ದು ತಲೆನೋವು, ವಾಂತಿ. ಬಸುರಿ ಎಂದು ಸಿಹಿ ಹಂಚಿದಿರಿ. ಆಮೇಲೆ ಒಂದು ಲೋಟ ಎರಡಾಗಿ ಕಂಡು ಕಾಫಿಯನ್ನು ನೆಲಕ್ಕೆ ಸುರಿದೆ, ಸೊಕ್ಕು ಎಂದಿರಿ. ಕಡೆಗೆ ಬಾಯಿ ಒಂದು ಕಡೆಗೆ ಎಳೆಯಿತು. ನಿಮ್ಮ ಅಮ್ಮ ಓಬಳಮ್ಮನವರು, “ನೋಡ್ಲಾ ಅಂಜನ, ನಿನ್ನೆಂಡ್ತಿ ನನ್ ಕಂಡ್ರೆ ಮೂತಿ ತಿರುವ್ತಾಳೆ” ಎಂದು ಅತ್ತರು. ನೀವು ಜ್ವರದಲ್ಲಿದ್ದವಳನ್ನು ಬಸ್ ಹತ್ತಿಸಿ, ಅಪ್ಪನ ಮನೆಯಲ್ಲಿ ಮರ್ಯಾದೆ ಕಲಿತು ಬಾ ಎಂದಿರಿ. ನನಗೆ ಮೂತಿ ನೆಟ್ಟಗೆ ಮಾಡಲು ಬರುತ್ತಿರಲಿಲ್ಲ ಕಣ್ರೀ.

ಮಿದುಳಿಗೆ ಟಿಬಿ ಹತ್ತಿ, ಕಣ್ಣಿನ ನರ, ಮುಖದ ನರ ಎರಡನ್ನೂ ಹಿಡಿದಿದೆ ಎಂದರು ಡಾಕ್ಟರು. ಮಿದುಳಿನದು ಇನ್ನೊಬ್ಬರಿಗೆ ಅಂಟುವುದಿಲ್ಲ, ಆದರೆ ನನಗೆ ಅದು ಯಾರದೋ ಎದೆಯ ಕೆಮ್ಮಿನಿಂದ ಬಂದಿರಬೇಕಂತೆ. ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಟಿಬಿ ಮಾತ್ರೆ ನೋಡಿದಾಗ, ನಿಮ್ಮ ಅಮ್ಮ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ ಅವೇ ಮಾತ್ರೆಗಳು ನೆನಪಾದವು. ಎರಡು ತಿಂಗಳು ನುಂಗಿ ಬಿಟ್ಟುಬಿಟ್ಟಿದ್ದರು. ತಂದುಕೊಡುತ್ತಿದ್ದವರು ನೀವೇ. ನಾನು ಕೇಳಿದಾಗ ಉಬ್ಬಸದ ಮಾತ್ರೆ ಎಂದು ಹೇಳಿ, ರಾತ್ರಿ ಅವರ ಪಕ್ಕದಲ್ಲೇ ಮಲಗಿಸಿದಿರಿ. ಇದನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಎಡಗಣ್ಣು ಇನ್ನೂ ಮೂಗಿನ ಕಡೆಗೇ ನೋಡುತ್ತದೆ. ಬಾಯಿ ಅರ್ಧ ಸರಿಹೋಗಿದೆ, ನಗುವುದಕ್ಕೆ ಅಷ್ಟು ಸಾಕು. ಸಹಿ ಹಾಕುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ಶಿಲ್ಪಾ

ಮರೆತಿದ್ದೆ: ರೋಗಿಯ ಜೊತೆ ಇದ್ದವರನ್ನೆಲ್ಲ ಪರೀಕ್ಷೆ ಮಾಡಬೇಕಂತೆ. ನಿಮ್ಮ ಕಡೆಯ ಆರೋಗ್ಯ ಕಾರ್ಯಕರ್ತೆ ಫೋನ್ ಮಾಡಿ, ಮನೆಯವರೆಲ್ಲ ಒಟ್ಟಿಗೆ ಯಾವಾಗ ಸಿಗುತ್ತಾರೆ ಎಂದು ಕೇಳಿದರು. ನಿಮಗೆ ಎರಡನೆಯ ಮದುವೆಗೆಂದು ನೋಡಿರುವ ಕುಣಿಗಲ್‌ನ ಹೆಣ್ಣಿನ ಕಡೆಯವರು ಗುರುವಾರ ಹನ್ನೊಂದು ಗಂಟೆಗೆ ಗಂಡಿನ ಮನೆ ನೋಡಲು ಬರುತ್ತಾರೆಂದು ನಿಮ್ಮ ಅಕ್ಕ ಬಾಯಿಬಿಟ್ಟಿದ್ದರು. ಅದೇ ಹೊತ್ತು ಹೇಳಿದ್ದೇನೆ. ಕಫ ಹಿಡಿಯುವ ಡಬ್ಬಿಗಳನ್ನು ಆ ಕಾರ್ಯಕರ್ತೆಯೇ ತರುತ್ತಾರೆ. ಈ ಪತ್ರವನ್ನು ಶುಕ್ರವಾರ ಅಂಚೆಗೆ ಹಾಕುತ್ತೇನೆ.