ಹುಳ ಇರುವ ಮನೆಯ ಬಾಗಿಲು

ಡಿಸೆಂಬರ್ ೯, ಮಂಗಳವಾರ. ಬೆಳಿಗ್ಗೆ ೬

ಎರಡು ಗಂಟೆಗೊಮ್ಮೆ ಹಾಲು. ಎಡ, ಬಲ, ತೇಗು, ಮತ್ತೆ ಗಡಿಯಾರ. ಹದಿನೇಳು ದಿನ ಹೀಗೇ. ಮಗು ಹುಟ್ಟಿದಾಗ ಒಂದು ಕೆಜಿ ಎಂಟುನೂರು ಗ್ರಾಂ. ಹನ್ನೊಂದು ದಿನ ಕೋಲಾರದ ಸರ್ಕಾರಿ ಆಸ್ಪತ್ರೆಯಲ್ಲಿ, ವಾರ್ಮರ್ ಕೆಳಗೆ. ನನ್ನ ಗಂಡ ಅಮರ್ ಮಾಲೂರಿನಲ್ಲಿ, ಫ್ಯಾಕ್ಟರಿ ಪಕ್ಕದ ರೂಮಿನಲ್ಲಿ. ಭಾನುವಾರ ಬಂದರೆ ಬಂದರು.

ಮನೆಯವರೆಲ್ಲ ಎದ್ದಿದ್ದಾರೆ. ನಮಗಾಗಿ ಅಲ್ಲ, ರೇಷ್ಮೆಹುಳಕ್ಕೆ ಸೊಪ್ಪು ಹಾಕಲು.

ಮಧ್ಯಾಹ್ನ

ಅಮರ್ ಅವರ ಅಣ್ಣ ಭೀಮರಾಜ್ ಭಾವ ಊಟಕ್ಕೆ ಕೂತವರೇ ಶುರು ಮಾಡಿದರು. "ಪ್ರೈವೇಟಿಗೆ ಹಾಕಿದ್ರೆ ಮಗು ಇಷ್ಟೊತ್ತಿಗೆ ಗುಂಡ್‌ಗುಂಡಕ್ಕಿರ್ತಿತ್ತು. ಬಿಟ್ಟಿ ಅಂದ್ರೆ ಇಷ್ಟೇ ಕಣಮ್ಮ."

"ಅವಳು ಉಸಿರಾಡ್ತಿರೋದೂ ಆ ಬಿಟ್ಟೀಲೇ ಭಾವ."

"ಡಿಗ್ರಿ ಓದಿದೋರ್ ಹತ್ರ ಮಾತಾಡಕ್ಕಾಗಲ್ಲಪ್ಪೋ!" ಎಲ್ಲರೂ ನಕ್ಕರು.

ಹೇಳಬೇಕಿತ್ತು... ಅಲ್ಲಿ ನನ್ನ ಪಕ್ಕ ಆವನಿ ಊರಿನ ಕೂಲಿಯವಳ ಮಗು, ಆಚೆ ಪಕ್ಕ ಮೇಷ್ಟರ ಮೊಮ್ಮಗು. ಒಂದೇ ಆಕ್ಸಿಜನ್, ಅದೇ ಸಿಸ್ಟರು. ನೀನು ಯಾರು, ಕೈಲಿ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ಕಾಯಬೇಕು, ನಿಜ. ಬೈಸಿಕೊಳ್ಳಬೇಕು, ಅದೂ ನಿಜ. ಆದರೆ ಬಾಗಿಲಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ. ತಟ್ಟೆ ತೊಳೆದೆ.

ಡಿಸೆಂಬರ್ ೧೨, ಶುಕ್ರವಾರ

ಆಶಾ ಕಾರ್ಯಕರ್ತೆ ಅಂಜಮ್ಮ ಬಂದಿದ್ದರು — ಮನೆಮನೆಗೆ ಹೋಗಿ ಬಾಣಂತಿ, ಕೂಸು ನೋಡುವವರು. ತೂಕದ ಜೋಲಿ ಹೆಗಲಿಗೆ. ಅತ್ತೆ ಹೊಸ್ತಿಲಲ್ಲೇ ಅಡ್ಡ ನಿಂತರು. ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಹೊರಗಿನವರು ಹುಳಕ್ಕೆ ರೋಗ ತರುತ್ತಾರೆಂದು ನಮ್ಮ ಸುಗಟೂರಿನಲ್ಲಿ ಈಗ ಯಾರೂ ಯಾರನ್ನೂ ಒಳಗೆ ಬಿಡುವುದಿಲ್ಲ.

"ಹುಳ ಐತೆ, ಬರ್ಬೇಡಮ್ಮೋ. ಹತ್ ಮನೆ ತಿರುಗಿ ಬಂದಿರ್ತೀಯ."

"ನಾನೇನ್ ಹುಳ ನೋಡಕ್ ಬಂದಿದೀನಾ ಶ್ಯಾಮಲಕ್ಕ? ಮಗು ತೂಕ ನೋಡ್ಬೇಕು."

"ಈ ಚಳೀಲಿ ಕೂಸನ್ನ ಬೀದಿಗೆ ತರ್ತಾರಾ? ಹೋಗೇ."

ಅಂಜಮ್ಮ ಬೀದಿಯಿಂದಲೇ ಕೂಗಿದರು, "ಪದ್ಮಶ್ರೀ, ಬೆಚ್ಚಗಿಡಮ್ಮ ಮಗೂನ!" ಕಿಟಕಿಯಿಂದ ತಲೆ ಆಡಿಸಿದೆ. ಅಷ್ಟೇ.

ಡಿಸೆಂಬರ್ ೧೩

ವಿಪರೀತ ಚಳಿ. ಮಗುವಿನ ಪಾದ ತಣ್ಣಗೆ. ಮನೆಯಲ್ಲಿ ಬೆಚ್ಚಗಿರುವುದು ಒಂದೇ ಜಾಗ — ಹುಳದ ಕೋಣೆ. ಇದ್ದಿಲ ಒಲೆ ಸದಾ ಉರಿಯುತ್ತದೆ. ಅದರ ಬಾಗಿಲ ಬಳಿ ತೊಟ್ಟಿಲು ಇಟ್ಟೆ. ಯಾರನ್ನೂ ಕೇಳಲಿಲ್ಲ, ನನಗೇ ಹೊಳೆದದ್ದು.

"ಪರ್ವಾಗಿಲ್ವೇ, ಬುದ್ಧಿ ಐತೆ," ಎಂದರು ಅತ್ತೆ. ಈ ಮನೆಗೆ ಬಂದ ಮೇಲೆ ಮೊದಲ ಹೊಗಳಿಕೆ.

ಒಂದೂವರೆ ಗಂಟೆ ನಿದ್ದೆ!

ಡಿಸೆಂಬರ್ ೧೫, ಸೋಮವಾರ

ರೇಷ್ಮೆ ಇಲಾಖೆಯ ಸಾಹೇಬರು ಬಂದರು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ಬೇಸಿನ್. ಕಾಲು ಅದ್ದಿದರು, ಒಳಗೆ ಹೋದರು. ಹುಳದ ಮೇಲೆ ಸುಣ್ಣದ ಪುಡಿ ಇನ್ನೊಂದು ಸಲ ಹಾಕಿ ಎಂದರು. ಟೀ ಕುಡಿದರು. ಅವರೂ ಸರ್ಕಾರದವರೇ. ಭಾವ ಗೇಟಿನ ತನಕ ಬಿಟ್ಟು ಬಂದರು.

ಸಂಜೆ ಮತ್ತೆ ಅಂಜಮ್ಮ. "ಆ ಬೇಸಿನ್ ನನ್ ಕಾಲಿಗೆ ಚಿಕ್ಕದಾಯ್ತಾ ಶ್ಯಾಮಲಕ್ಕ?"

"ಅವ್ರು ಸಾಹೇಬ್ರು ಕಣೇ."

ಕಿಟಕಿಯಲ್ಲಿ ನಿಂತಿದ್ದೆ.

ಡಿಸೆಂಬರ್ ೧೯, ಶುಕ್ರವಾರ. ಕೋಲಾರ

ಬರೆಯಲು ಕೈ ಬರುತ್ತಿಲ್ಲ. ಬುಧವಾರ ಬೆಳಿಗ್ಗೆ ಮಗುವಿನ ತುಟಿ ನೀಲಿ. ಎದೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ೧೦೮ ಆಂಬ್ಯುಲೆನ್ಸ್ ಬಂತು. ದಾರಿಯುದ್ದಕ್ಕೂ ಅದರಲ್ಲಿದ್ದ ನರ್ಸ್ ಹುಡುಗಿ ಆಕ್ಸಿಜನ್ ಹಿಡಿದೇ ಕೂತಿದ್ದಳು. ಮತ್ತೆ ಅದೇ ವಾರ್ಡು.

ಡಾಕ್ಟರ್ ಮಗು ಸುತ್ತಿದ್ದ ಬಟ್ಟೆ ಮೂಸಿದರು. "ಇದ್ದಿಲ ಹೊಗೆ. ಈ ಬಿಳಿ ಪುಡಿ ಏನು? ಎಲ್ಲಿ ಮಲಗಿಸ್ತಿದ್ರಿ?"

ನಾನು. ನಾನೇ. ಆಸ್ಪತ್ರೆ ಉಳಿಸಿ ಕೊಟ್ಟ ಪುಪ್ಪುಸಕ್ಕೆ ನಾಲ್ಕು ದಿನ ಹೊಗೆ, ಸುಣ್ಣ ತುಂಬಿಸಿದೆ.

"ಆಶಾ ಮನೆಗೆ ಬರಲಿಲ್ವಾ? ನೋಡಿದ್ರೆ ತೊಟ್ಟಿಲು ಅಲ್ಲಿರೋಕೇ ಬಿಡ್ತಿರಲಿಲ್ಲ."

"ಎಲ್ ಬರ್ತಾರೆ ಸಾರ್," ಎಂದರು ಜೊತೆಗೆ ಬಂದಿದ್ದ ಅತ್ತೆ. "ಒಂದಿನಾನೂ ಬಂದಿಲ್ಲ."

ಡಾಕ್ಟರ್ ತಾಯಿ ಕಾರ್ಡ್ ತೆರೆದರು. ತೂಕ ಬರೆಯುವ ಚೌಕಗಳು ಖಾಲಿ. ಆಶಾ ಬಂದಿಲ್ಲ ಎಂದು ಬರೆದುಕೊಂಡರು. ನಾನು ಕಾರ್ಡ್ ವಾಪಸ್ ತೆಗೆದುಕೊಂಡೆ.

ಡಿಸೆಂಬರ್ ೨೦, ಶನಿವಾರ

ಫ್ಯಾಮಿಲಿ ಗ್ರೂಪಿನಲ್ಲಿ ಭಾವ: 'ಆಶಾ ಒಂದು ದಿನವೂ ಬಂದಿಲ್ಲ. ಇದು ಸರ್ಕಾರಿ ಸೇವೆ. ಮುಚ್ಚಿಬಿಡಿ.' ಹನ್ನೊಂದು ಜನರ ಹೆಬ್ಬೆರಳ ಲೈಕು. ಅದರಲ್ಲಿ ಅಮರ್‌ದೂ ಒಂದು.

ಅಂಜಮ್ಮನಿಗೆ ನೋಟಿಸ್ ಕೊಡುತ್ತಾರಂತೆ. ಕೆಲಸ ಹೋದರೂ ಹೋಯಿತು, ಎಂದರು ಸಿಸ್ಟರ್.

ರೌಂಡ್ಸ್ ಹೊತ್ತಿಗೆ ಎದ್ದು ನಿಂತೆ. "ಸಾರ್, ಆಶಾ ಬಂದಿದ್ರು. ಎರಡು ಸಲ. ನಾವೇ ಒಳಗೆ ಬಿಡಲಿಲ್ಲ. ತೊಟ್ಟಿಲು ಅಲ್ಲಿಟ್ಟಿದ್ದು ನಾನು."

ಡಾಕ್ಟರ್ ನನ್ನನ್ನೇ ನೋಡಿದರು. ಹಾಳೆ ಕೊಟ್ಟರು. "ಬರೆದು ಸೈನ್ ಹಾಕಿ." ಹಾಕಿದೆ.

ಅತ್ತೆ ಬ್ಯಾಗು ಎತ್ತಿಕೊಂಡರು. "ಇನ್ ಮೇಲೆ ನಿನ್ ಸರ್ಕಾರಾನೇ ನಿಂಗೆ ಬಾಣಂತನ ಮಾಡ್ಲಿ." ಬಸ್ಸಿಗೆ ಹೋದರು. ಫ್ಲಾಸ್ಕೂ ಬಿಡಲಿಲ್ಲ.

ಡಿಸೆಂಬರ್ ೨೩, ಮಂಗಳವಾರ. ಮಧ್ಯಾಹ್ನ ೩

ಯಾರೂ ಬಂದಿಲ್ಲ. ಊಟ ಆಸ್ಪತ್ರೆಯದೇ — ಅನ್ನ, ಸಾರು, ಮೊಟ್ಟೆ. ಅಮರ್ ಒಮ್ಮೆ ಫೋನ್ ಮಾಡಿದರು.

"ಎಲ್ಲರ ಮುಂದೆ ನಮ್ಮಮ್ಮನ್ನ ಸುಳ್ಳುಗಾತಿ ಮಾಡ್ದೆ."

"ನನ್ನ ತಪ್ಪೂ ಹೇಳಿದೀನಿ, ಕೇಳಿಸ್ಕೊಂಡ್ರಾ? ಮಗು ಹೇಗಿದೆ ಅಂತ ಕೇಳಲ್ವಾ?"

ಕಟ್ ಮಾಡಿದರು.

ಮಗುವಿನ ಆಕ್ಸಿಜನ್ ಇವತ್ತು ಕಡಿಮೆ ಮಾಡಿದ್ದಾರೆ.

ಗ್ರೂಪಿನಲ್ಲಿ ಬರೆದೆ. ಎರಡು ಸಲ ಅಳಿಸಿ, ಮೂರನೇ ಸಲ ಕಳಿಸಿದೆ: 'ಅಂಜಮ್ಮ ಬಂದಿದ್ದರು. ಬಾಗಿಲು ಹಾಕಿದವರು ನಾವು.' ಹತ್ತೊಂಬತ್ತು ಜನ ಓದಿದ್ದಾರೆ. ಒಬ್ಬರೂ ಒಂದು ಮಾತು... ಅಮರ್ ಓದಿದ್ದಾರೆ. ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ—

ಸಿಸ್ಟರ್ ಕೂಗುತ್ತಿದ್ದಾರೆ. "ಪದ್ಮಶ್ರೀ ಮಗು! ಹಾಲಿಗೆ ಬಾಮ್ಮ, ಇವತ್ತು ಎದೆಗೇ ಹಾಕ್ಕೋ." ಫೋನ್ ಇಲ್ಲೇ ಇಟ್ಟು ಹೋಗುತ್ತಿದ್ದೇನೆ.